ಯುದ್ಧದ ಹಿಂದಿನ ರಾತ್ರಿ: ‘ಗೇಮ್ ಆಫ್ ಥ್ರೋನ್ಸ್’ ನಾಟಕದ ಕಡೆಯ ಭಾಗದ ಒಂದು ಕಂತು

೧

ಅನೇಕ ವರ್ಷಗಳ ಕಾಲ ಕಂತುಕಂತಾಗಿ ಬೆಳೆದ ಒಂದು ದೊಡ್ಡ ಕಥೆಯಿಂದ ಒಂದೇ ಕಂತನ್ನು ಬೇರ್ಪಡಿಸಿ ವಿಮರ್ಶಿಸುವುದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ಅವಯವದ ಸೌಂದರ್ಯವು ಅವಯವಿಯನ್ನು ಬಿಟ್ಟು ಇರಲಾರದು. ಆದರೆ ಕಥೆಯ ಮುಕ್ತಾಯವು ಬಹುಮಂದಿಗೆ ಅತೃಪ್ತಿಯನ್ನುಂಟುಮಾಡಿದಾಗ ಇದಕ್ಕೆ ಪ್ರತಿಯಾದ ಇನ್ನೊಂದು ಅನ್ಯಾಯವೂ ನಡೆಯುವುದುಂಟು. ಕೊನೆ ಕೆಟ್ಟಿತೆಂಬ ಬೇಸರದಲ್ಲಿ, ಅದಕ್ಕೆ ಮುಂಚೆ ಬಂದ ಒಳ್ಳೆಯ ಭಾಗಗಳನ್ನೂ ಅದೇ ತೀರ್ಪಿಗೆ ಒಳಪಡಿಸಿ ಮರೆತುಬಿಡುವರು. ಈ ಎರಡನೆಯ ಅನ್ಯಾಯವನ್ನು ಒಂದು ಸಂದರ್ಭದಲ್ಲಾದರೂ ತಪ್ಪಿಸಬೇಕೆಂಬುದೇ ಈ ಲೇಖನದ ಉದ್ದೇಶ.

‘ಗೇಮ್ ಆಫ್ ಥ್ರೋನ್ಸ್’ ಎಂಬ ಟೆಲಿವಿಷನ್ ನಾಟಕವನ್ನು ಅಮೆರಿಕದ ಎಚ್.ಬಿ.ಓ. ಸಂಸ್ಥೆಯವರು ೨೦೧೧ರ ಏಪ್ರಿಲ್ ೧೭ರಿಂದ ೨೦೧೯ರ ಮೇ ೧೯ರವರೆಗೆ ಎಂಟು ಭಾಗಗಳಲ್ಲಿ, ೭೩ ಕಂತುಗಳಾಗಿ ಪ್ರಸಾರ ಮಾಡಿದರು. ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಎಂಬಿಬ್ಬರು ಇದರ ನಿರ್ಮಾತೃಗಳು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಕಾದಂಬರಿಮಾಲೆ ಇದಕ್ಕೆ ಆಧಾರ. ಆ ಮಾಲೆಯ ಮೊದಲ ಗ್ರಂಥ ೧೯೯೬ರಲ್ಲಿಯೂ ಐದನೆಯದು ೨೦೧೧ರಲ್ಲಿಯೂ ಪ್ರಕಟವಾದವು. ಮಾಲೆ ಸಂಪೂರ್ಣವಾಗುವುದಕ್ಕೆ ಮೊದಲೇ ನಾಟಕವು ಅದನ್ನು ದಾಟಿ ಮುಂದೆ ಹೋಗಬೇಕಾಯಿತು. ಹೀಗೆ ಕಡೆಯ ಭಾಗಗಳಲ್ಲಿ ನಾಟಕಕಾರರಿಗೆ ಮೂಲಗ್ರಂಥದ ಊರುಗೋಲು ಇರಲಿಲ್ಲ. ಎಂಟನೆಯ ಭಾಗದ ಆರು ಕಂತುಗಳು ೨೦೧೯ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಪ್ರಸಾರವಾದವು. ಅದನ್ನು ಹೊಸದಾಗಿ ಮಾಡಿಕೊಡಬೇಕೆಂದು ೧೦ ಲಕ್ಷಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ಅದೇ ವರ್ಷ ಅದು ಅತ್ಯುತ್ತಮ ನಾಟಕವೆಂದು ಎಮ್ಮಿ ಪಾರಿತೋಷಕವನ್ನೂ ಪಡೆಯಿತು. ಇಂತಹ ಗದ್ದಲದ ನಡುವೆ ಆ ಭಾಗದ ಎರಡನೆಯ ಕಂತಿಗೆ ಸಲ್ಲಬೇಕಾದ ಅವಧಾನ ಸಂದಿತೆಂದು ಹೇಳಲಾಗುವುದಿಲ್ಲ.

ಆ ಕಂತಿನ ಹೆಸರು ‘ಎ ನೈಟ್ ಆಫ್ ದಿ ಸೆವೆನ್ ಕಿಂಗ್‌ಡಮ್ಸ್’. ‘ಏಳು ರಾಜ್ಯಗಳ ವೀರ’ ಎಂದು ಅರ್ಥ. ಇದೇ ಹೆಸರು ಮಾರ್ಟಿನ್ ಅವರ ಒಂದು ಕಥಾಸಂಕಲನಕ್ಕೂ ಇದೆ. ೨೦೧೯ರ ಏಪ್ರಿಲ್ ೨೧ರಂದು ಪ್ರಸಾರವಾದ ಈ ಕಂತನ್ನು ಬರೆದವರು ಬ್ರಯನ್ ಕಾಗ್ಮನ್. ನಿರ್ದೇಶಿಸಿದವರು ಡೇವಿಡ್ ನಟರ್. ಅವಧಿ ಸುಮಾರು ೫೮ ನಿಮಿಷ.

೨

ಕಥಾಸಂದರ್ಭ ಹೀಗಿದೆ: ಸತ್ತವರನ್ನು ಎಬ್ಬಿಸಿ ತನ್ನ ಸೈನ್ಯವನ್ನಾಗಿ ಮಾಡಿಕೊಂಡ ‘ನೈಟ್ ಕಿಂಗ್’, ಎಂದರೆ ಇರುಳಿನ ರಾಜ, ಉತ್ತರದ ವಿಂಟರ್‌ಫೆಲ್ ಕೋಟೆಯತ್ತ ಬರುತ್ತಿದ್ದಾನೆ. ಬೆಳಗಾಗುವುದರೊಳಗೆ ಯುದ್ಧ ಒದಗುವುದು ನಿಶ್ಚಯ. ಒಬ್ಬರಿಗೊಬ್ಬರು ಹಗೆಗಳಾಗಿದ್ದವರೆಲ್ಲ ಆ ಕೋಟೆಯೊಳಗೆ ಸೇರಿದ್ದಾರೆ. ಕಂತಿನ ಆದಿಯಿಂದ ಅಂತ್ಯದವರೆಗೆ ಒಂದು ಕತ್ತಿಯೂ ಶತ್ರುವಿನ ಮೇಲೆ ಏಳುವುದಿಲ್ಲ. ಒಂದು ಪ್ರಾಣವೂ ಹೋಗುವುದಿಲ್ಲ. ಜನ ಕುಳಿತು ಮಾತನಾಡುತ್ತಾರೆ, ಕುಡಿಯುತ್ತಾರೆ, ಹಳೆಯದನ್ನು ನೆನೆಯುತ್ತಾರೆ, ಒಬ್ಬನು ಹಾಡುತ್ತಾನೆ. ಸತ್ತವರ ದಂಡು ಕೋಟೆಯ ಮುಂದೆ ಬಂದು ನಿಲ್ಲುವಲ್ಲಿಗೆ ಕಂತು ಮುಗಿಯುತ್ತದೆ.

ಆದುದರಿಂದಲೇ ಇದರಲ್ಲಿ ಏನೂ ನಡೆಯುವುದಿಲ್ಲವೆಂದೂ, ಇದು ಮುಂದಿನ ಮಹಾಯುದ್ಧಕ್ಕೆ ಬರಿಯ ಪೀಠಿಕೆಯೆಂದೂ ಆಕ್ಷೇಪಣೆ ಬರುವುದುಂಟು. ಈ ಆಕ್ಷೇಪಣೆಯನ್ನು ನಮ್ಮ ನಾಟ್ಯಶಾಸ್ತ್ರದ ಬೆಳಕಿನಲ್ಲಿ ಪರೀಕ್ಷಿಸಿದರೆ ಅದು ನಿಲ್ಲಲಾರದು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಪ್ರವೇಶಕ ಮೊದಲಾದವುಗಳ ಮೂಲಕ ಸೂಚಿಸಬೇಕು ಎಂಬುದು ಭರತನ ಮತ. ಇದನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಯುದ್ಧದಲ್ಲಿ ಮನುಷ್ಯನು ಮಾಡುವುದು ಬಹುಮಟ್ಟಿಗೆ ಒಂದೇ ಕೆಲಸ. ಆ ಕೆಲಸಕ್ಕೆ ಅವನನ್ನು ತಂದು ನಿಲ್ಲಿಸಿದ ಚಿತ್ತವೃತ್ತಿಯಲ್ಲಿ ಮಾತ್ರ ಒಬ್ಬನಿಗೂ ಇನ್ನೊಬ್ಬನಿಗೂ ವ್ಯತ್ಯಾಸವಿರುವುದು. ನಾಟಕಕ್ಕೆ ಬೇಕಾದುದು ಆ ವ್ಯತ್ಯಾಸ. ಆ ದೃಷ್ಟಿಯಿಂದ ನೋಡಿದರೆ ಎರಡನೆಯ ಕಂತೇ ನಿಜವಾದ ಅಂಕ. ಅದರ ಮುಂದೆ ಬಂದ ೮೨ ನಿಮಿಷಗಳ ಯುದ್ಧದ ಕಂತು, ಎಷ್ಟೇ ವೆಚ್ಚದಿಂದಲೂ ಶ್ರಮದಿಂದಲೂ ಸಿದ್ಧವಾಗಿದ್ದರೂ, ವಿಸ್ತರಿಸಿದ ಪ್ರವೇಶಕವೆನ್ನಬೇಕು.

ಅಂಕವೆಂದ ಮೇಲೆ ಅದರಲ್ಲಿ ಒಂದು ಕಾರ್ಯ ನಡೆದಿರಬೇಕು. ಇಲ್ಲಿ ನಡೆಯುವ ಕಾರ್ಯವು ಒಂದು ಪ್ರತಿಜ್ಞೆಗೆ ಸಂಬಂಧಪಟ್ಟದ್ದು. ಅದರ ಬೇರು ನಾಟಕದ ಹಿಂದಿನ ಭಾಗಗಳಲ್ಲಿದೆ.

೩

ಜೇಮಿ ಲ್ಯಾನಿಸ್ಟರ್ ತನ್ನ ಲೋಕದಲ್ಲಿ ‘ರಾಜಘಾತಕ’ನೆಂದು ಹೆಸರಾದವನು. ಅರಸನ ಅಂಗರಕ್ಷಕನಾಗಿದ್ದು ಅರಸನನ್ನೇ ಕೊಂದನೆಂಬುದು ಅವನ ಮೇಲಿನ ಕಳಂಕ. ನಮ್ಮ ಹಳೆಯ ಕಾವ್ಯಶಾಸನಗಳ ಮಾತಿನಲ್ಲಿ ಹೇಳುವುದಾದರೆ ಅವನು ಜೋಳವಾಳಿಗೆ ತಪ್ಪಿದವನು. ಅವನು ತಪ್ಪಿದ ಕಾರಣ ಮಾತ್ರ ಲೋಕಕ್ಕೆ ತಿಳಿಯದು. ಹುಚ್ಚನಾದ ಆ ಅರಸನು ರಾಜಧಾನಿಯನ್ನೆಲ್ಲ ಸುಡುವಂತೆ ಆಜ್ಞೆಮಾಡಿದ್ದನು. ಒಡೆಯನಿಗೆ ಕೊಟ್ಟ ಮಾತು ಒಂದು ಕಡೆ, ನಿರಪರಾಧಿಗಳನ್ನು ಕಾಯುವೆನೆಂಬ ವೀರದೀಕ್ಷೆಯ ಮಾತು ಇನ್ನೊಂದು ಕಡೆ. ಒಂದನ್ನು ಮುರಿಯದೆ ಇನ್ನೊಂದನ್ನು ಉಳಿಸಿಕೊಳ್ಳುವಂತಿರಲಿಲ್ಲ. ಈ ಗುಟ್ಟನ್ನು ಅವನು ತೆರೆದು ಹೇಳಿದ್ದು ಬ್ರಿಯೆನ್ ಎಂಬ ಹೆಣ್ಣಿನ ಮುಂದೆ, ಹ್ಯಾರನ್‌ಹಾಲ್ ಕೋಟೆಯ ಸ್ನಾನಗೃಹದಲ್ಲಿ. ಬ್ರಿಯೆನ್ ಆಕಾರದಿಂದಲೂ ಅಭ್ಯಾಸದಿಂದಲೂ ಯೋಧೆ. ಕೊಟ್ಟ ಮಾತನ್ನು ಅಕ್ಷರಶಃ ನಡೆಸುವವಳು. ಆದರೆ ಹೆಣ್ಣಾದುದರಿಂದ ‘ನೈಟ್’ ಪದವಿಗೆ ಅನರ್ಹಳು. ಹೀಗೆ ಪದವಿಯಿದ್ದು ಮಾತು ಕಳೆದುಕೊಂಡವನೊಬ್ಬನನ್ನೂ, ಮಾತಿದ್ದು ಪದವಿಯಿಲ್ಲದವಳೊಬ್ಬಳನ್ನೂ ನಾಟಕವು ಎದುರೆದುರು ನಿಲ್ಲಿಸಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಸ್ನಾನಗೃಹದ ದೃಶ್ಯವು ೨೦೧೩ರಲ್ಲಿ ಬಂದ ಮೂರನೆಯ ಭಾಗದ ಐದನೆಯ ಕಂತಿನದು. ಅದರ ಕರ್ತೃ ಕಾಗ್ಮನ್. ಜೇಮಿಯು ಬ್ರಿಯೆನ್‌ಗೆ ಕತ್ತಿಯನ್ನೂ ಕವಚವನ್ನೂ ಕೊಟ್ಟು, ಸಾನ್ಸಾ ಸ್ಟಾರ್ಕಳನ್ನು ಹುಡುಕಿ ಕಾಪಾಡೆಂದು ಕಳುಹಿಸುವ ದೃಶ್ಯ ೨೦೧೪ರ ನಾಲ್ಕನೆಯ ಭಾಗದ ನಾಲ್ಕನೆಯ ಕಂತಿನಲ್ಲಿದೆ. ಆಕೆ ಆ ಕತ್ತಿಗೆ ‘ಓತ್‌ಕೀಪರ್’, ಎಂದರೆ ಪ್ರತಿಜ್ಞಾಪಾಲಕ, ಎಂದು ಹೆಸರಿಟ್ಟಳು. ಆ ಕಂತಿಗೂ ಅದೇ ಹೆಸರು. ಅದರ ಕರ್ತೃವೂ ಕಾಗ್ಮನ್. ೨೦೧೯ರಲ್ಲಿ ಈ ಇಬ್ಬರ ಕಥೆಯನ್ನು ಅದರ ಫಲಕ್ಕೆ ತಂದವರೂ ಅವರೇ. ಅನೇಕರು ಕೂಡಿ ಬರೆಯುವ ಇಂತಹ ನಾಟಕದಲ್ಲಿ ಬೀಜವನ್ನು ಬಿತ್ತಿದ ಕೈಯೇ ಫಲವನ್ನು ಕೊಯ್ಯುವುದು ಅಪರೂಪ. ಮೂಲಗ್ರಂಥದ ಆಸರೆ ತಪ್ಪಿದ ಮೇಲೂ ಈ ಕಂತು ದಾರಿ ತಪ್ಪದಿರುವುದಕ್ಕೆ ಇದು ಒಂದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಹೊಸ ಸಂಗತಿಗಳನ್ನು ಕಲ್ಪಿಸಲು ಹೋಗದೆ, ಹಿಂದೆ ಕೊಟ್ಟ ಮಾತುಗಳನ್ನು ತೀರಿಸುವುದರಲ್ಲಿಯೇ ಕರ್ತೃವು ಮನಸ್ಸಿಟ್ಟಿದ್ದಾರೆ.

೪

ಕಂತಿನ ಬಂಧವನ್ನು ನೋಡೋಣ. ಮೊದಲ ದೃಶ್ಯ ಒಂದು ನ್ಯಾಯಸಭೆ. ಶತ್ರುಪಕ್ಷವನ್ನು ಬಿಟ್ಟು ಒಬ್ಬಂಟಿಯಾಗಿ ಬಂದ ಜೇಮಿಯನ್ನು, ಅವನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ರಾಣಿ ಡೆನೇರಿಸ್ ವಿಚಾರಿಸುತ್ತಾಳೆ. ಅವನು ಕ್ಷಮೆ ಬೇಡುವುದಿಲ್ಲ. ತನ್ನ ಮನೆತನಕ್ಕಾಗಿ ಮಾಡಿದುದನ್ನು ಮತ್ತೆಯೂ ಮಾಡುವೆನೆನ್ನುತ್ತಾನೆ. ಆಗ ಬ್ರಿಯೆನ್ ಎದ್ದು ನಿಂತು ಅವನ ಪರವಾಗಿ ಸಾಕ್ಷ್ಯ ನುಡಿಯುತ್ತಾಳೆ. ತನ್ನನ್ನು ಮಾನಭಂಗದಿಂದ ಉಳಿಸಲು ಹೋಗಿ ಅವನು ಕೈ ಕಳೆದುಕೊಂಡದ್ದನ್ನೂ, ಸಾನ್ಸಾ ಇಂದು ಬದುಕಿರುವುದಕ್ಕೆ ಅವನೂ ಕಾರಣನೆಂಬುದನ್ನೂ ತಿಳಿಸುತ್ತಾಳೆ. ಆಕೆಯ ಮಾತನ್ನು ನಂಬಿ ಸಾನ್ಸಾ ಒಪ್ಪುತ್ತಾಳೆ. ಇರುವ ಒಬ್ಬೊಬ್ಬನೂ ಬೇಕೆಂದು ಜಾನ್ ಸ್ನೋ ಒಪ್ಪುತ್ತಾನೆ. ಜೇಮಿಯ ತಲೆ ಉಳಿದದ್ದು ಬ್ರಿಯೆನ್‌ಳ ನುಡಿಯಿಂದ. ಆ ನುಡಿಗೆ ಬೆಲೆ ಬಂದದ್ದು ಅವಳು ಎಂದೂ ಮಾತಿಗೆ ತಪ್ಪಿದವಳಲ್ಲವೆಂಬುದರಿಂದ.

ರಾತ್ರಿ ಇದಕ್ಕೆ ಪ್ರತಿಯಾದ ದೃಶ್ಯ ಬರುತ್ತದೆ. ಬೆಂಕಿಯ ಮುಂದೆ ಆರು ಮಂದಿ ಕುಳಿತಿದ್ದಾರೆ: ಜೇಮಿ, ಅವನ ತಮ್ಮ ಟಿರಿಯನ್, ಬ್ರಿಯೆನ್, ಅವಳ ಅನುಚರ ಪಾಡ್ರಿಕ್, ಕಳ್ಳಸಾಗಣೆದಾರನಾಗಿದ್ದ ಡಾವೋಸ್, ಗೋಡೆಯಾಚೆಯ ಕಾಡುಜನರ ಟಾರ್ಮಂಡ್. ತಮ್ಮಲ್ಲಿ ಬಹುತೇಕ ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಸ್ಟಾರ್ಕ್ ಮನೆತನದ ಮೇಲೆ ಯುದ್ಧ ಮಾಡಿದವರೇ ಎಂದು ಟಿರಿಯನ್ ನೆನಪುಮಾಡಿ ನಗುತ್ತಾನೆ. ಮಾತು ಹೀಗೆಯೇ ಸಾಗಿ, ಬ್ರಿಯೆನ್ ಏಕೆ ‘ನೈಟ್’ ಅಲ್ಲವೆಂಬಲ್ಲಿಗೆ ಬರುತ್ತದೆ. ಹೆಂಗಸರಿಗೆ ಆ ಪದವಿಯಿಲ್ಲ, ಅದು ಸಂಪ್ರದಾಯ ಎನ್ನುತ್ತಾಳೆ ಅವಳು. ಸಂಪ್ರದಾಯವೆಂದರೇನೆಂದು ಅರಿಯದ ಟಾರ್ಮಂಡ್ ಅದನ್ನು ಒಂದು ಬೈಗುಳಿನಿಂದ ತಳ್ಳಿಹಾಕಿ, ತಾನು ಅರಸನಾಗಿದ್ದರೆ ಅವಳಿಗೆ ಹತ್ತು ಸಲ ದೀಕ್ಷೆ ಕೊಡುತ್ತಿದ್ದೆನೆನ್ನುತ್ತಾನೆ. ಅದಕ್ಕೆ ಅರಸನೇ ಬೇಕಾಗಿಲ್ಲ, ದೀಕ್ಷೆ ಪಡೆದ ಯಾವನಾದರೂ ಇನ್ನೊಬ್ಬರಿಗೆ ದೀಕ್ಷೆ ಕೊಡಬಹುದು ಎಂದು ಜೇಮಿ ಹೇಳಿ ಏಳುತ್ತಾನೆ.

ಈ ನಿಯಮ ಹೊಸದಾಗಿ ಕಲ್ಪಿತವಾದದ್ದಲ್ಲ. ಆ ಲೋಕದ ಹಳೆಯ ಕಟ್ಟಳೆ. ಸಂಪ್ರದಾಯವನ್ನು ಮುರಿಯುವ ಕಾರ್ಯವು ಸಂಪ್ರದಾಯದೊಳಗಿನ ಒಂದು ಅಧಿಕಾರದಿಂದಲೇ ನಡೆಯುತ್ತದೆಂಬುದು ಇಲ್ಲಿಯ ಸ್ವಾರಸ್ಯ. ದೀಕ್ಷೆಯ ಅಧಿಕಾರ ಸಿಂಹಾಸನದಲ್ಲಿಲ್ಲ, ಮಾತು ಕೊಟ್ಟವನಲ್ಲಿದೆ. ದೀಪದಿಂದ ದೀಪವನ್ನು ಹೊತ್ತಿಸಿದಂತೆ ಅದು ಒಬ್ಬರಿಂದ ಒಬ್ಬರಿಗೆ ಬರುವುದು. ಆದರೆ ಹೊತ್ತಿಸುವ ದೀಪವೇ ನಂದಿಹೋಗಿದೆಯೆಂದು ಲೋಕ ತಿಳಿದಿರುವಾಗ? ಮಾತಿಗೆ ತಪ್ಪಿದವನೆಂದು ಹೆಸರಾದ ಜೇಮಿಗೆ ದೀಕ್ಷೆ ಕೊಡುವ ಅರ್ಹತೆಯುಂಟೇ? ನಾಟಕವು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಕಾರ್ಯದಿಂದ ಉತ್ತರಿಸುತ್ತದೆ. ಲೋಕದಲ್ಲಿ ಎಲ್ಲರಿಗಿಂತಲೂ ಮಾತಿನ ಬೆಲೆಯನ್ನು ಬಲ್ಲವಳೊಬ್ಬಳು ಅವನ ಮುಂದೆ ಮಂಡಿಯೂರಿದಾಗ ಅವನ ಅರ್ಹತೆ ಸ್ಥಾಪಿತವಾಗುತ್ತದೆ. ಅವಳಿಗೆ ಅವನು ಕೊಡುವುದು ಪದವಿ. ಅವನಿಗೆ ಅವಳು ಹಿಂದಕ್ಕೆ ಕೊಡುವುದು ಅವನು ಕಳೆದುಕೊಂಡ ಹೆಸರು. ಬೆಳಗಿನ ಸಾಕ್ಷ್ಯಕ್ಕೆ ಇರುಳಿನ ದೀಕ್ಷೆ ಹೀಗೆ ಪ್ರತಿಯಾಗುತ್ತದೆ.

ನಟನೆಯ ಬಗೆಗೂ ಒಂದು ಮಾತು ಹೇಳಬೇಕು. ಜೇಮಿ ಮಂಡಿಯೂರು ಎಂದು ಕರೆದಾಗ ಬ್ರಿಯೆನ್ ತಕ್ಷಣ ಏಳುವುದಿಲ್ಲ. ತನಗೆ ಆ ಪದವಿ ಬೇಕಾಗಿಯೇ ಇಲ್ಲವೆಂದು ಅದುವರೆಗೆ ತೋರಿಸಿಕೊಂಡು ಬಂದವಳು. ಪಾಡ್ರಿಕ್‌ನ ಕಡೆಗೆ ನೋಡುತ್ತಾಳೆ. ಅವನು ಮೆಲ್ಲನೆ ತಲೆಯಾಡಿಸುತ್ತಾನೆ. ಗುರು ಶಿಷ್ಯನ ಅನುಮತಿಯನ್ನು ಕೇಳುವಂತಿರುವ ಈ ಒಂದು ನೋಟವು ಎಷ್ಟೋ ಸಂಭಾಷಣೆಗಳಿಗೆ ಸಮವಾಗಿದೆ. ಧೈರ್ಯ, ನ್ಯಾಯ, ನಿರಪರಾಧಿಗಳ ರಕ್ಷಣೆ ಇವುಗಳನ್ನು ದೇವತೆಗಳ ಹೆಸರಿನಲ್ಲಿ ಆದೇಶಿಸುವ ಮಂತ್ರದ ಮಾತುಗಳು ಮುಗಿದು ಅವಳು ಎದ್ದಾಗ, ಪಾತ್ರಧಾರಿಣಿ ಗ್ವೆಂಡೊಲಿನ್ ಕ್ರಿಸ್ಟಿಯವರ ಕಣ್ಣಿನಲ್ಲಿ ನೀರೂ ಮುಖದಲ್ಲಿ ನಗೆಯೂ ಒಟ್ಟಿಗೆ ಕಾಣಿಸುತ್ತವೆ. ಅಷ್ಟು ವರ್ಷಗಳ ಕಾಲ ನಗೆಯನ್ನು ಅಡಗಿಸಿಕೊಂಡು ಬಂದ ಪಾತ್ರವಾದುದರಿಂದ, ಸಾತ್ತ್ವಿಕಾಭಿನಯಕ್ಕೆ ಇದು ಉತ್ತಮ ನಿದರ್ಶನವಾಗಿದೆ. ಜೇಮಿಯ ಪಾತ್ರದ ನಿಕೊಲಾಯ್ ಕೋಸ್ಟರ್-ವಾಲ್ಡೌ ಅವರು ಆ ಹೊತ್ತಿನಲ್ಲಿ ತಮ್ಮನ್ನು ಮುಂದಕ್ಕೆ ತಂದುಕೊಳ್ಳದೆ ಇರುವುದೂ ಪ್ರಶಂಸನೀಯ.

ಈ ದೃಶ್ಯದ ರಸ ಯಾವುದು? ವೀರವೆಂದೇ ಹೇಳಬೇಕು. ವೀರರಸಕ್ಕೆ ಸ್ಥಾಯಿ ಉತ್ಸಾಹವೇ ಹೊರತು ಕ್ರೋಧವಲ್ಲ. ವಿಶ್ವನಾಥನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರವೆಂದು ಅದರ ನಾಲ್ಕು ಭೇದಗಳನ್ನು ಹೇಳಿರುವನು. ಯುದ್ಧದ ಹಿಂದಿನ ರಾತ್ರಿಯನ್ನು ವರ್ಣಿಸುವ ಈ ಕಂತಿನಲ್ಲಿ ಯುದ್ಧವೀರವನ್ನು ಬಿಟ್ಟು ಉಳಿದ ಮೂರೂ ಇವೆ. ತನ್ನ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದ ರಾಣಿಯ ಆಪ್ತನಾದ ಜೋರಾ ಮಾರ್ಮಂಟನಿಗೆ ಸ್ಯಾಮ್‌ವೆಲ್ ಟಾರ್ಲಿಯು, ಅವನ ತಂದೆ ತನಗೆ ಮಾಡಿದ ಉಪಕಾರವನ್ನು ನೆನೆದು, ತನ್ನ ಮನೆತನದ ಕತ್ತಿಯನ್ನು ಕೊಡುತ್ತಾನೆ. ಒಮ್ಮೆ ವಿಂಟರ್‌ಫೆಲ್ಲನ್ನು ದ್ರೋಹದಿಂದ ಹಿಡಿದಿದ್ದ ಥಿಯಾನ್ ಈಗ ಅದೇ ಮನೆಯ ಮಗ ಬ್ರಾನ್‌ನನ್ನು ಕಾಯುವೆನೆಂದು ಬರುತ್ತಾನೆ. ಆ ಬ್ರಾನ್‌ನೋ, ತನ್ನನ್ನು ಗೋಪುರದಿಂದ ನೂಕಿ ಕಾಲಿಲ್ಲದವನನ್ನಾಗಿ ಮಾಡಿದ ಜೇಮಿಯ ಅಪರಾಧವನ್ನು ಸಭೆಯಲ್ಲಿ ಹೊರಗೆಡಹುವುದಿಲ್ಲ. ನೀನಿಲ್ಲದಿದ್ದರೆ ಈ ಯುದ್ಧದಲ್ಲಿ ನಮಗೆ ಸಹಾಯವಾಗುವುದೆಂತು ಎಂಬುದಷ್ಟೇ ಅವನ ಉತ್ತರ.

೫

ದೀಕ್ಷೆಯ ಪ್ರಸಂಗಕ್ಕೆ ಹಿನ್ನೆಲೆಯಾಗಿ ಇನ್ನೊಂದು ವಿಚಾರ ಕಂತಿನಲ್ಲೆಲ್ಲ ಹರಡಿಕೊಂಡಿದೆ. ಯುದ್ಧಾಲೋಚನೆಯ ಸಭೆಯಲ್ಲಿ, ಇರುಳಿನ ರಾಜನಿಗೆ ಬೇಕಾದುದೇನೆಂಬ ಪ್ರಶ್ನೆ ಏಳುತ್ತದೆ. ಈ ಲೋಕವನ್ನು ಅಳಿಸಿಹಾಕುವುದು ಅವನ ಇಚ್ಛೆ. ತಾನು ಈ ಲೋಕದ ಸ್ಮೃತಿ. ಆದುದರಿಂದ ತನ್ನನ್ನೇ ಹುಡುಕಿಕೊಂಡು ಬರುವನು ಎಂದು ಬ್ರಾನ್ ಹೇಳುತ್ತಾನೆ. ಮರಣವೆಂದರೆ ಮರೆವು, ಮರೆತವರೂ ಮರೆತುಹೋದವರೂ ಆಗುವುದೇ ಮರಣ ಎಂದು ಸ್ಯಾಮ್‌ವೆಲ್ ಅದನ್ನು ವಿವರಿಸುತ್ತಾನೆ. ಶತ್ರುವು ಕೇವಲ ಭಯಂಕರನಾಗಿದ್ದವನು ಇಲ್ಲಿ ಮೊದಲ ಬಾರಿಗೆ ಅರ್ಥವುಳ್ಳವನಾದನು. ಜನರು ಬೆಂಕಿಯ ಸುತ್ತ ಕುಳಿತು ಹಳೆಯದನ್ನು ನೆನೆಯುವುದು ಕಾಲಹರಣವಲ್ಲ, ಮರೆವಿನ ದಂಡಿಗೆ ಎದುರಾಗಿ ಅವರು ಹಿಡಿದ ಮೊದಲ ಆಯುಧ ಎಂಬುದು ಈ ಮಾತಿನಿಂದ ಸ್ಪಷ್ಟವಾಗುತ್ತದೆ. ಪ್ರತಿಜ್ಞೆಗೂ ಸ್ಮೃತಿಗೂ ಇರುವ ಸಂಬಂಧವೂ ಇದೇ. ನೆನಪಿಲ್ಲದವನಿಗೆ ಪ್ರತಿಜ್ಞೆ ಇರಲಾರದು.

ದೀಕ್ಷೆಯ ಬಳಿಕ ಪಾಡ್ರಿಕ್ ಒಂದು ಹಾಡನ್ನು ಹಾಡುತ್ತಾನೆ. ಅಳಿದವರನ್ನು ಬಿಡಲಾರದೆ ಅವರೊಡನೆ ನರ್ತಿಸುವ ಜೆನ್ನಿ ಎಂಬವಳ ಹಾಡು ಅದು. ಸಂಗೀತ ರಾಮಿನ್ ಜವಾದಿ ಅವರದು. ಮಾರ್ಟಿನ್ ಅವರ ಕಥೆಯಲ್ಲಿ ಈ ಜೆನ್ನಿಗಾಗಿ ಒಬ್ಬ ರಾಜಕುಮಾರನು ಕಿರೀಟವನ್ನೇ ಬಿಟ್ಟವನು. ಹಾಡು ಮುಗಿದೊಡನೆ ಬರುವುದು ಜಾನ್ ಮತ್ತು ಡೆನೇರಿಸ್ ನೆಲಮಾಳಿಗೆಯ ಸಮಾಧಿಗಳ ನಡುವೆ ನಿಂತಿರುವ ದೃಶ್ಯ. ಜಾನ್ ತನ್ನ ನಿಜವಾದ ಹುಟ್ಟನ್ನು ಹೇಳುತ್ತಾನೆ. ಹಾಗಾದರೆ ಸಿಂಹಾಸನಕ್ಕೆ ಹಕ್ಕುದಾರ ನೀನೇ ಎಂಬುದು ಅವಳಿಗೆ ಹೊಳೆಯುವ ಮೊದಲ ಮಾತು. ಪ್ರೇಮಕ್ಕಾಗಿ ಕಿರೀಟವನ್ನು ಬಿಟ್ಟವರ ಹಾಡಿನ ಬೆನ್ನಿಗೇ ಕಿರೀಟದೆದುರು ತಡವರಿಸುವ ಪ್ರೇಮವನ್ನು ತಂದಿರುವುದು ಉಚಿತವಾದ ಜೋಡಣೆ. ಟೀಕೆ ಟಿಪ್ಪಣಿಗಳಿಲ್ಲದೆ ಅದು ಧ್ವನಿಯಿಂದಲೇ ತಿಳಿಯುವಂತಿದೆ.

೬

ಕಂತಿನಲ್ಲಿ ದೋಷಗಳಿಲ್ಲವೆಂದಲ್ಲ. ಸಮಾಧಿಗಳ ನೆಲಮಾಳಿಗೆಯೇ ಎಲ್ಲಕ್ಕಿಂತ ಭದ್ರವಾದ ಸ್ಥಳವೆಂದು ಪಾತ್ರಗಳು ಮತ್ತೆ ಮತ್ತೆ ಹೇಳುವುದರಿಂದ, ಸತ್ತವರನ್ನು ಎಬ್ಬಿಸುವ ಶತ್ರುವಿನೆದುರು ಅಲ್ಲಿ ಏನಾಗುವುದೆಂಬುದು ಪ್ರೇಕ್ಷಕನಿಗೆ ಅಗತ್ಯಕ್ಕಿಂತ ಮುಂಚೆಯೇ ತಿಳಿದುಹೋಗುತ್ತದೆ. ಇದಕ್ಕಿಂತ ದೊಡ್ಡ ದೋಷ ಡೆನೇರಿಸಳ ಪಾತ್ರದ ವಿಷಯದಲ್ಲಿದೆ. ಬೆಂಕಿಯ ಸುತ್ತ ಸೇರಿದವರಿಗೆ ದೊರೆತ ವಿರಾಮ ಅವಳಿಗೆ ದೊರೆತಿಲ್ಲ. ಸಾನ್ಸಾಳೊಡನೆ ಅವಳ ಸಂಭಾಷಣೆ ಸ್ನೇಹದ ಅಂಚಿಗೆ ಬಂದು, ಉತ್ತರದ ಸ್ವಾತಂತ್ರ್ಯದ ಪ್ರಶ್ನೆ ಏಳುತ್ತಲೇ ಕೈ ಹಿಂದೆಗೆದು ನಿಂತುಬಿಡುತ್ತದೆ. ಜಾನ್‌ನೊಡನೆ ನಡೆಯುವ ಮಾತನ್ನು ಯುದ್ಧದ ಕಹಳೆ ತುಂಡರಿಸುತ್ತದೆ. ಐದನೆಯ ಕಂತಿನಲ್ಲಿ ಅವಳು ಒಂದು ನಗರವನ್ನೇ ಸುಡುವಳೆಂಬುದು ಕರ್ತೃಗಳಿಗೆ ತಿಳಿದಿದ್ದ ಮೇಲೆ, ಆ ದಾರುಣ ಕಾರ್ಯಕ್ಕೆ ಬೇಕಾದ ಒಂಟಿತನವನ್ನು ಪೋಷಿಸುವುದಕ್ಕೆ ಈ ರಾತ್ರಿಗಿಂತ ಒಳ್ಳೆಯ ಸಮಯವಿರಲಿಲ್ಲ. ಎಲ್ಲರೂ ಬೆಂಕಿಯ ಬಳಿ ಇರುವಾಗ ಅವಳೊಬ್ಬಳೇ ಹೊರಗಿದ್ದಾಳೆಂಬುದನ್ನು ನಾವು ಊಹಿಸಿಕೊಳ್ಳಬೇಕೇ ಹೊರತು, ನಾಟಕವು ಅದನ್ನು ಸಾಕಷ್ಟು ತೋರಿಸಿಲ್ಲ.

ಮುಂದಿನ ಕಂತುಗಳು ಈ ಕಂತಿನೊಡನೆ ಹೇಗೆ ನಡೆದುಕೊಂಡವೆಂಬುದು ಇನ್ನೊಂದು ಪ್ರಶ್ನೆ. ಏಪ್ರಿಲ್ ೨೮ರ ಯುದ್ಧದ ಕಂತಿನಲ್ಲಿ ಥಿಯಾನ್, ಜೋರಾ ಮೊದಲಾದವರು ಮಡಿದರು. ಬೆಂಕಿಯ ಮುಂದೆ ಸಾವಿಗೆ ಸಿದ್ಧರಾಗಿ ಕುಳಿತ ಆರು ಮಂದಿಯಲ್ಲಿ ಮಾತ್ರ ಒಬ್ಬರೂ ಸಾಯಲಿಲ್ಲ. ಸತ್ತೇ ತೀರಬೇಕೆಂಬ ನಿಯಮವೇನೂ ಇಲ್ಲ. ಆದರೆ ಕರುಣಕ್ಕೆ ಇಷ್ಟೊಂದು ವಿಭಾವಗಳನ್ನು ಕೂಡಿಸಿಟ್ಟು, ಬಳಿಕ ಅದನ್ನು ಬೇರೆ ಕಡೆಗೆ ತಿರುಗಿಸಿದ್ದರಿಂದ ರಸಕ್ಕೆ ಕುಂದು ಬಂದಿತು. ಇರುಳಿನ ರಾಜನು ಸ್ಮೃತಿಯ ಶತ್ರುವೆಂಬ ಗಂಭೀರವಾದ ವಿಚಾರವೂ ಮುಂದೆ ಬೆಳೆಯಲಿಲ್ಲ. ಅವನು ಬ್ರಾನ್‌ನ ಮುಂದೆ ಬಂದು ನಿಂತು, ಆರ್ಯಾಳ ಕಠಾರಿಗೆ ಒಂದು ಕ್ಷಣದಲ್ಲಿ ಚೂರಾದನು. ನಾಲ್ಕನೆಯ ಕಂತಿನಲ್ಲಿ ಜೇಮಿ ಬ್ರಿಯೆನ್‌ಳನ್ನು ಬಿಟ್ಟು ಸೆರ್ಸಿಯ ಬಳಿಗೆ ಹಿಂದಿರುಗಿದನು; ಐದನೆಯದರಲ್ಲಿ ಅವಳೊಡನೆ ಮಡಿದನು. ಮನುಷ್ಯನು ಹಳೆಯ ಬಂಧನಕ್ಕೆ ಮರಳುವುದು ಅಸಂಭವವಲ್ಲ. ಆದರೆ ದೀಕ್ಷೆ ಕೊಟ್ಟ ರಾತ್ರಿಯ ನೆನಪು ಅವನ ಮನಸ್ಸಿನಲ್ಲಿ ಹೋರಾಡಿ ಸೋತದ್ದನ್ನು ತೋರಿಸಬೇಕಾಗಿತ್ತು. ಹೋರಾಟವಿಲ್ಲದೆ ಬಂದ ಸೋಲು ದುರಂತವೆನಿಸಲಾರದು.

ಹೀಗಿದ್ದರೂ ಕಡೆಯ ಕಂತಿನಲ್ಲಿ ಸಹೃದಯರ ಮನಸ್ಸಿಗೆ ಹಿಡಿಸುವ ಎರಡು ಪ್ರಸಂಗಗಳು ಈ ಎರಡನೆಯ ಕಂತಿನ ಆಧಾರದ ಮೇಲೆಯೇ ನಿಂತಿವೆ. ಒಂದು, ಜನರನ್ನು ಒಂದುಗೂಡಿಸುವುದು ಕಥೆಗಳೆಂದೂ, ಕಥೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡ ಬ್ರಾನ್‌ನೇ ಅರಸನಾಗಲೆಂದೂ ಟಿರಿಯನ್ ಹೇಳುವುದು. ಇರುಳಿನ ರಾಜನು ಅಳಿಸಲು ಬಂದದ್ದು ಸ್ಮೃತಿಯನ್ನು ಎಂಬ ಮಾತನ್ನು ನೆನೆದರೆ ಮಾತ್ರ ಈ ಆಯ್ಕೆಗೆ ಅರ್ಥ ಬರುತ್ತದೆ. ಇಲ್ಲದಿದ್ದರೆ ಅದು ಅಕಸ್ಮಾತ್ತಾಗಿ ತೋರುತ್ತದೆ. ಬಹುಮಂದಿಗೆ ತೋರಿದ್ದೂ ಹಾಗೆಯೇ, ಏಕೆಂದರೆ ನಡುವಣ ಮೂರು ಕಂತುಗಳು ಆ ಮಾತನ್ನು ಮರೆತಿದ್ದವು. ಎರಡನೆಯದು, ಅಂಗರಕ್ಷಕರ ಚರಿತ್ರೆಯ ಗ್ರಂಥದಲ್ಲಿ ಜೇಮಿಯ ಹೆಸರಿನ ಪುಟವನ್ನು ಬ್ರಿಯೆನ್ ತೆರೆದು, ಅವನ ಕಾರ್ಯಗಳನ್ನು ಒಂದೊಂದಾಗಿ ಬರೆದು ಮುಗಿಸುವುದು. ೨೦೧೪ರ ಭಾಗದ ಮೊದಲ ಕಂತಿನಲ್ಲಿ ಬಾಲರಾಜ ಜೋಫ್ರಿಯು, ತುಂಬದೆ ಉಳಿದಿದ್ದ ಅದೇ ಪುಟವನ್ನು ತೋರಿಸಿ ಜೇಮಿಯನ್ನು ಅಣಕಿಸಿದ್ದನು. ಆ ಪುಟ ತುಂಬಿದ್ದು ‘ಏಳು ರಾಜ್ಯಗಳ ವೀರ’ಳ ಕೈಯಿಂದ. ಅವಳು ತನ್ನ ದುಃಖವನ್ನು ಬರೆಯುವುದಿಲ್ಲ. ಅವನು ಮಾಡಿದುದನ್ನು ಮಾತ್ರ ಬರೆಯುತ್ತಾಳೆ. ಬೆಳಗಿನ ಸಭೆಯಲ್ಲಿ ನುಡಿದ ಸಾಕ್ಷ್ಯವನ್ನೇ ಅವಳು ಇಲ್ಲಿ ಶಾಸನವನ್ನಾಗಿ ಮಾಡಿದಳು.

ಆದುದರಿಂದ ಈ ಕಂತನ್ನು ಕುರಿತು ನಮ್ಮ ತೀರ್ಮಾನವಿಷ್ಟೆ. ಕಡೆಯ ಭಾಗವು ಕೆಟ್ಟಿದ್ದರೆ ಅದು ಕೆಟ್ಟದ್ದು ಈ ಕಂತು ಹಾಕಿಕೊಟ್ಟ ದಾರಿಯನ್ನು ಬಿಟ್ಟದ್ದರಿಂದ. ಅದರಲ್ಲಿ ಉಳಿಯುವಂತಹದು ಏನಾದರೂ ಇದ್ದರೆ ಅದು ಮತ್ತೆ ಆ ದಾರಿಗೆ ಬಂದದ್ದರಿಂದ. ಇಡಿಯ ನಾಟಕದ ಗುಣದೋಷಗಳನ್ನು ತೂಗುವವರು ಈ ೫೮ ನಿಮಿಷಗಳನ್ನು ತಕ್ಕಡಿಯಲ್ಲಿಡುವ ಪದಾರ್ಥವೆಂದು ಎಣಿಸದೆ, ತೂಕದ ಕಲ್ಲೆಂದು ಎಣಿಸುವುದು ಯುಕ್ತವಾಗಿರುತ್ತದೆ.